ಓಗೊಡದ ದ್ರೌಪತಿ

ಹುಮನಾಬಾದಿನ ಕಾಳುಕಡಿ ಮಾರುವ ಅಡತಿ ಬಜಾರದ ಹಿಂದಿನ ಓಣಿಯಲ್ಲಿ ದ್ರೌಪತಿಗೆ ಕಿವುಡಿ ಎಂದೇ ಹೆಸರು. ನಳದ ಮುಂದೆ ಪಾಳಿ ಬಂತೆಂದು ಯಾರಾದರೂ "ದ್ರೌಪತೀ" ಎಂದು ಕೂಗಿದರೆ ಅವಳು ತಿರುಗಿ ನೋಡುತ್ತಿರಲಿಲ್ಲ. ಎರಡನೆಯ ಸಲ ಕೂಗಿದರೂ ಕೊಡ ಹಿಡಿದು ನಿಂತೇ ಇರುತ್ತಿದ್ದಳು. ಹತ್ತಿರ ಬಂದು ಭುಜ ಮುಟ್ಟಿದರೆ ಬೆಚ್ಚಿ, ಬಂದವರನ್ನು ಅಡಿಯಿಂದ ಮುಡಿಯ ತನಕ ನೋಡಿ, ಆಮೇಲೆ "ಏನ್ರಿ?" ಎನ್ನುತ್ತಿದ್ದಳು. ಅದೇ ಹೆಂಗಸಿಗೆ ತನ್ನ ಹಿತ್ತಲಲ್ಲಿ ಬೆಕ್ಕು ಹಾಲಿನ ಗಡಿಗೆಗೆ ಬಾಯಿ ಹಾಕಿದ ಸಪ್ಪಳ ನಳದ ಹತ್ತಿರ ನಿಂತಾಗಲೂ ಕೇಳಿಸುತ್ತಿತ್ತು. ಇಷ್ಟನ್ನು ದಿನಾ ಕಣ್ಣಾರೆ ಕಂಡೂ ಕಿವುಡಿ ಎನ್ನುವ ಆ ಓಣಿಯ ಬುದ್ಧಿಗೆ ಏನು ಹೇಳೋಣ!

ಅವಳ ಗಂಡ ದೇವಿಂದ್ರಪ್ಪ ಅಡತಿಯಲ್ಲಿ ಹಮಾಲ. ಕ್ವಿಂಟಲ್ ಚೀಲವನ್ನು ಬೆನ್ನಿಗೇರಿಸಿಕೊಂಡು ಹಾಡುತ್ತಾ ಹೋಗುವ ಆಳು. ಮನಸ್ಸು ಒಳ್ಳೆಯದು, ದನಿ ಮಾತ್ರ ಇಡೀ ಬಜಾರಕ್ಕೆ ಸಾಲುವಷ್ಟು. ಮದುವೆಯಾದ ಹೊಸದರಲ್ಲಿ "ಇಲ್ಲಿ ಬಾ" ಎಂದು ಕೂಗಿದರೂ ಹೆಂಡತಿ ಓಗೊಡುವುದಿಲ್ಲವೆಂದು ಸಿಟ್ಟಾಗುತ್ತಿದ್ದ. ಕಾರಣ ತಿಳಿದ ಮೇಲೆ ಸಿಟ್ಟು ಬಿಟ್ಟು ಎದ್ದು ಬಂದು ಮಾತಾಡಿಸುವುದನ್ನು ಕಲಿತ.

ಕಾರಣ ಇಷ್ಟು. ದ್ರೌಪತಿಯ ತವರು ಗೋರ್ಟಾದ ಆಚೆಯ ಸಣ್ಣ ಹಳ್ಳಿ. ರಜಾಕಾರರ ಗದ್ದಲದ ಬೇಸಿಗೆಯಲ್ಲಿ ಅವಳಿಗೆ ಆರೋ ಏಳೋ ವರ್ಷ, ಅವಳ ಅಣ್ಣ ಮಾಣಿಕನಿಗೆ ಹತ್ತು ದಾಟಿತ್ತು. ಪಕ್ಕದ ಊರಿನಲ್ಲಿ ಹೊಗೆ ಎದ್ದ ದಿನ ನೆರೆಮನೆಯ ಹಜಿರಾ ಬೀ ಈ ಇಬ್ಬರನ್ನೂ ಎಳೆದುಕೊಂಡು ಹೋಗಿ ತನ್ನ ಹಿತ್ತಲಿನ ಹಗೇವಿನಲ್ಲಿ ಇಳಿಸಿದಳು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ, ಆಗ ಬರಿದಾಗಿತ್ತು. ಅದರ ಬಾಯಿಗೆ ಒಣ ಜೋಳದ ಕಣಕಿಯ ಹೊರೆ ಮುಚ್ಚುವ ಮೊದಲು ಅವ್ವ ಬಗ್ಗಿ ಹೇಳಿದ್ದು ಒಂದೇ ಮಾತು: "ನಾ ಬರೋತನಾ ಉಸುರ ಬಿಡಬ್ಯಾಡ್ರಿ." ಸಂಜೆಯ ಹೊತ್ತಿಗೆ ಮೇಲೆ ಯಾರೋ ಬಂದು ನಿಂತರು. "ಮಾಣಿಕಾ, ಏ ಮಾಣಿಕಾ" ಎಂದು ಆಡಲು ಕರೆಯುವವರ ಹಾಗೆ ಮೆತ್ತಗೆ ಕರೆದರು. ಪರಿಚಯದ ದನಿ. ಅಣ್ಣ "ಓ" ಎಂದ. ಗೋಡೆಯ ಗೂಡುಗಳಲ್ಲಿ ಕಾಲಿಟ್ಟು ಮೇಲೆ ಹತ್ತಿ ಹೋದ. ಅವನು ಮತ್ತೆ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಮರುದಿನ ಅವ್ವ ಒಂದು ಮಾತೂ ಆಡದೆ ತಾನೇ ಕೆಳಗಿಳಿದು ಬಂದು ಕತ್ತಲಲ್ಲಿ ಮಗಳ ಮುಖ ಸವರಿದಳು.

ಆ ಸಂಜೆ ಕರೆದವರು ಯಾರು ಎಂಬುದು ದ್ರೌಪತಿಗೆ ಎಂದೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಒಬ್ಬನ ದನಿಗೆ ಅಂಜುತ್ತಿದ್ದಳು. ಗೊತ್ತಾಗದೆ ಹೋದದ್ದರಿಂದ ಎಲ್ಲರ ದನಿಯೂ ಅದೇ ಆಗಿ ಕೂತಿತು.

ಇದನ್ನು ಅವಳು ತನ್ನ ಮಕ್ಕಳಿಗೆ ಕಥೆ ಮಾಡಿ ಹೇಳಲಿಲ್ಲ, ಪಾಠ ಮಾಡಿ ಕಲಿಸಿದಳು. "ಹೆಸರ ಹಿಡದು ಯಾರ ಕರದ್ರೂ ಓ ಅನಬ್ಯಾಡ್ರಿ. ನಿಮ್ಮಪ್ಪನ ದನಿ ಇದ್ರೂ ಅನಬ್ಯಾಡ್ರಿ. ಗದ್ದಲ ಕೇಳಿದ್ರ ಅಡಗ್ರಿ, ಜೋರ ಆದ್ರ ಇನ್ನಾ ಒಳಗ ಸರೀರಿ. ನಾ ಬಂದು 'ಜ್ವಾಳಕ್ಕ ಗುಬ್ಬಿ ಬಿದ್ದಾವ' ಅಂತೀನಿ. ಆಗ ಹೊರಗ ಬರ್ರಿ." ಮಗ ಉತ್ತಮನಿಗೆ ಇದೊಂದು ತಮಾಷೆ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಮಗಳು ಸೋನುವಿಗೆ ಮಾತ್ರ ಅದು ಮೈಗೆ ಹತ್ತಿಬಿಟ್ಟಿತು. ಜೋಳ ತುಂಬಿಡುವ ಬಿದಿರಿನ ಗುಮ್ಮಿಯ ಹಿಂದೆ ಅಡಗಿ ಕೂತರೆ ಹಸಿವಾದರೂ ಕದಲುತ್ತಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡುತ್ತಿರಲಿಲ್ಲ. ಎದುರಿಗೇ ಕೂತ ಹುಡುಗಿಗೆ ಗೈರುಹಾಜರಿ ಹಾಕಿ ಹಾಕಿ ಬೇಸತ್ತ ಮಾಸ್ತರರು ಅಡತಿಯ ತನಕ ಬಂದು ದೂರು ಹೇಳಿ ಹೋದರು.

ಆ ರಾತ್ರಿ ದೇವಿಂದ್ರಪ್ಪ ಊಟಕ್ಕೆ ಕೂತವನು, "ನಿಂಗ ಆಗಿದ್ದು ಆಗಿ ಹೋತು. ಕೂಸಿನ ತಲ್ಯಾಗ ಯಾಕ ತುಂಬಾಕತ್ತಿ?" ಎಂದ.

"ಜೀಂವಾ ಉಳೀಲಿ ಅಂತ," ಎಂದಳು ದ್ರೌಪತಿ. ಸತ್ತ ಅಣ್ಣನನ್ನು ಎದುರಿಗಿಟ್ಟುಕೊಂಡು ಮಾತಾಡುವ ಹೆಂಗಸಿನ ಹತ್ತಿರ ಯಾವ ಗಂಡಸು ವಾದ ಮಾಡಿ ಗೆದ್ದಾನು!

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಗ ಉತ್ತಮನು ಕೋಟೆ ತೋರಿಸೆಂದು ಅಪ್ಪನ ಬೆನ್ನು ಹತ್ತಿದ್ದ. ಅವನ ತರಗತಿಯ ಹುಡುಗರೆಲ್ಲ ಕಲ್ಯಾಣದ ಕೋಟೆ ನೋಡಿ ಬಂದು ತೋಪಿನ, ಅಂದರೆ ಅಲ್ಲಿನ ಹಳೆಯ ಫಿರಂಗಿಯ, ಮೇಲೆ ಕೂತದ್ದನ್ನು ಹೇಳಿಕೊಂಡು ಮೆರೆಯುತ್ತಿದ್ದರು. ಅಡತಿಗೆ ರಜೆ ಅಮಾವಾಸ್ಯೆಗೆ ಮಾತ್ರ. ಹಾಗಾಗಿ ಕಾರ್ತಿಕದ ಅಮಾವಾಸ್ಯೆಯ ದಿನ, ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ನಾಲ್ವರೂ ಬಸ್ಸು ಹತ್ತಿದರು. ಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ದೇವಿಂದ್ರಪ್ಪನ ಅಕ್ಕ ಜಿಜಾಬಾಯಿ ಕಾದು ನಿಂತಿದ್ದಳು. ಆಕೆಯ ಮನೆ ಅಲ್ಲೇ ಊರೊಳಗೆ.

"ಅಮಾಸಿ ದಿನಾ ಪಾಳು ಕೋಟಿ ನೋಡಾಕ ಬರ್ತಾರೇನೋ? ನಿಮಗ ಬ್ಯಾರೆ ದಿನಾನ ಸಿಗಲಿಲ್ಲ?" ಎಂದು ಆಕೆ ತಮ್ಮನನ್ನು ಬೈಯುತ್ತಲೇ ಮಕ್ಕಳ ಕೈಗೆ ಬತ್ತಾಸು ಕೊಟ್ಟಳು. ಬೈದರೂ ಜೊತೆಗೆ ಬರುವುದನ್ನು ಬಿಡಲಿಲ್ಲ.

ಕೋಟೆಯ ಬಾಗಿಲು ದಾಟಿದೊಡನೆ ದ್ರೌಪತಿ ಸೋನುವಿನ ಕೈ ಹಿಡಿದುಕೊಂಡಳು. ಹೊರಗೆ ಬಿಸಿಲು, ಒಳಗೆ ಕಾಲಿಟ್ಟರೆ ಹಗಲಲ್ಲೇ ಮಬ್ಬು, ತಣ್ಣನೆಯ ಗಾಳಿ, ಬಾವಲಿಯ ನಾತ. ಒಂದು ಬಾಗಿಲಾದ ಮೇಲೆ ದಾರಿ ತಿರುಗಿ ಇನ್ನೊಂದು ಬಾಗಿಲು, ಮತ್ತೆ ತಿರುಗಿ ಮತ್ತೊಂದು. ಒಳಗೆ ಹೋಗುವುದಕ್ಕೆ ಇಷ್ಟು ತಿರುವು ಇದ್ದರೆ ಓಡಿ ಹೊರಬರುವುದು ಹೇಗೆ ಎಂದು ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ದೇವಿಂದ್ರಪ್ಪನಿಗೆ ಆ ಚಿಂತೆಯೇ ಇಲ್ಲ. ಕಮಾನಿನ ಕೆಳಗೆ ನಿಂತು "ಹೋ" ಎಂದು ಕೂಗಿ, ಕಲ್ಲು ತಿರುಗಿ ಕೂಗಿದ್ದನ್ನು ಕೇಳಿ ಮಕ್ಕಳಿಗಿಂತ ಹೆಚ್ಚು ಖುಷಿಪಟ್ಟ.

ಒಳಗಿನ ಮಹಲಿನಲ್ಲಿ ಹಳೆಯ ಕಲ್ಲುಗಳನ್ನು ಕೂಡಿಸಿಟ್ಟ ಸಂಗ್ರಹಾಲಯ ಇತ್ತು. ಕಾವಲಿಗೆ ಮೊಹಿನುದ್ದೀನ್ ಎಂಬ ಮುದುಕ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಕೊರಳಲ್ಲಿ ಸೀಟಿ. ಗೋಡೆಗುಂಟ ಮೂರ್ತಿಗಳು ಸಾಲಾಗಿ ನಿಂತಿದ್ದವು. ಕೆಲವಕ್ಕೆ ಕೈ ಇಲ್ಲ, ಕೆಲವಕ್ಕೆ ತಲೆಯೇ ಇಲ್ಲ, ತಲೆ ಇದ್ದವಕ್ಕೆ ಮೂಗಿಲ್ಲ.

"ಇವರ ಮೂಗ ಯಾರ ಕೊಯ್ದಾರ?" ಎಂದು ಸೋನು ಪಿಸುಗುಟ್ಟಿದಳು.

"ಹೆಸರ ಹಿಡದು ಕರದಾಗ ಓ ಅಂದಿದ್ರು. ಅದಕ್ಕ ಕೊಯ್ದ್ರು," ಎಂದ ಉತ್ತಮ.

ದೇವಿಂದ್ರಪ್ಪ ಮಗನ ತಲೆಗೊಂದು ಮೊಟಕಿದ. ಸೋನು ಮಾತ್ರ ಆ ಮುಖಗಳನ್ನು ಒಂದೊಂದಾಗಿ ನೋಡಿ, ಹೌದೆನ್ನುವ ಹಾಗೆ ತಲೆಯಾಡಿಸಿದಳು. ದ್ರೌಪತಿ ಅದನ್ನು ನೋಡಿದಳು.

ಊಟವಾದ ಮೇಲೆ ಮಕ್ಕಳು ಕಣ್ಣುಮುಚ್ಚಾಲೆಗೆ ನಿಂತರು. ಮೊಹಿನುದ್ದೀನ್ ಬಂದು ಮಹಲಿನ ಹಿಂದಿನ ಒಂದು ಗಿಡ್ಡ ಬಾಗಿಲನ್ನು ತೋರಿಸಿ, "ಎಲ್ಲಿ ಬೇಕು ಆಡ್ರಿ ಬೇಟಾ, ಆ ಬಾರೂದಖಾನಾದಾಗ ಮಾತ್ರ ಬಿಲ್ಕುಲ್ ಹೋಗಬ್ಯಾಡ್ರಿ. ಹಿಂದಿನ ಕಾಲಕ್ಕ ತೋಪಿನ ಮದ್ದು ಇಡ್ತಿದ್ದ ಜಾಗಾ. ಒಳಗಿನ ನೆಲಾ ಕುಸದು ಬಾವಿ ಆಗ್ಯಾದ, ನೀರದಾವ. ಹೋದ ವರ್ಷ ಆಡಿನ ಮರಿ ಬಿತ್ತು, ತೆಗ್ಯಾಕ ಆಗಲಿಲ್ಲ," ಎಂದ. ಬಾಗಿಲಿಗೆ ಹಲಗೆ ಇರಲಿಲ್ಲ. ಅಡ್ಡಕ್ಕೆ ಒಂದು ಜಾಲಿಮುಳ್ಳಿನ ಟೊಂಗೆ ಎಳೆದಿಟ್ಟಿದ್ದರು.

ಉತ್ತಮ ಎಷ್ಟು ಹುಡುಕಿದರೂ ಸೋನು ಸಿಗಲಿಲ್ಲ. ಅವಳು ಸಿಗುವವಳೂ ಅಲ್ಲ. ಕೊನೆಗೆ ಹುಡುಗ ಒಂದು ಕಿತಾಪತಿ ಮಾಡಿದ. ತೋಪಿನ ಕಟ್ಟೆಯ ಹಿಂದೆ ನಿಂತು, ಗಂಟಲನ್ನು ಹೆಣ್ಣು ಮಾಡಿ, ಥೇಟ್ ಅವ್ವನ ಹಾಗೆಯೇ, "ಜ್ವಾಳಕ್ಕ ಗುಬ್ಬಿ ಬಿದ್ದಾವ" ಎಂದ. ಪಕ್ಕದ ಮುರುಕು ಗೋಡೆಯ ಸಂದಿನಿಂದ ಸೋನು ಹೊರಬಂದಳು. "ಔಟ್!" ಎಂದು ಅಣ್ಣ ಕುಣಿದಾಡಿದ. ಜಿಜಾಬಾಯಿ ಹೊಟ್ಟೆ ಹಿಡಿದು ನಕ್ಕಳು, ದೇವಿಂದ್ರಪ್ಪ ನಕ್ಕ. ದ್ರೌಪತಿಗೂ ತಡೆಯಲಾಗಲಿಲ್ಲ. ಮಗ ತನ್ನದೇ ದನಿಯನ್ನು ಅಷ್ಟು ಚೆನ್ನಾಗಿ ಕದ್ದಿದ್ದ. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟಳು.

ಸೋನು ನಗಲಿಲ್ಲ, ಅಳಲೂ ಇಲ್ಲ. ಅವ್ವನ ಮುಖವನ್ನೇ ನೋಡುತ್ತಾ ನಿಂತಳು. "ನೀನೂ ನಗಾಕತ್ತಿ?" ಎಂದು ಕೇಳಿದಳು. "ಇನ್ನ ನಾ ಆ ಮಾತಿಗೆ ಬರಂಗಿಲ್ಲ," ಎಂದವಳು ಮತ್ತೆ ಅಡಗಲು ಓಡಿದಳು.

ಚಳಿಗಾಲದ ಹೊತ್ತು, ನೋಡನೋಡುತ್ತಿದ್ದ ಹಾಗೆ ಬುರುಜಿನ ನೆರಳು ಅಂಗಳ ತುಂಬಿತು. ಮೊಹಿನುದ್ದೀನ್ ಬಾಗಿಲು ಹಾಕುವ ಹೊತ್ತಾಯಿತೆಂದು ಸೀಟಿ ಊದಿದ. ಅಲ್ಲಲ್ಲಿ ಕೂತವರೆಲ್ಲ ಎದ್ದು ಸೀರೆ, ಧೋತರ ಝಾಡಿಸಿಕೊಂಡರು. ಉತ್ತಮ ಓಡಿ ಬಂದ. ಸೋನು ಬರಲಿಲ್ಲ.

ಮೊದಲು ಯಾರೂ ಗಾಬರಿಯಾಗಲಿಲ್ಲ. "ಮುನಿಸಿಕೊಂಡು ಎಲ್ಲೋ ಕುಂತಾಳ," ಎಂದಳು ಜಿಜಾಬಾಯಿ. ದೇವಿಂದ್ರಪ್ಪ ಅಂಗಳದ ನಡುವೆ ನಿಂತು ಹಮಾಲನ ಗಂಟಲಿನಿಂದ "ಸೋನೂ!" ಎಂದು ಕೂಗಿದ. ನಾಲ್ಕು ಗೋಡೆಗಳೂ "ಸೋನೂ" ಎಂದವು. ಮೊಹಿನುದ್ದೀನ್ ಇನ್ನೊಮ್ಮೆ ಸೀಟಿ ಊದಿ, "ಏ ಲಡಕೀ! ಕಹಾಂ ಹೈ ಗೇ?" ಎಂದು ಕೋಲು ಬಡಿಯುತ್ತಾ ಮಹಲಿನ ಸುತ್ತ ಹೊರಟ. ಕೋಟೆ ನೋಡಲು ಬಂದಿದ್ದ ಹತ್ತಾರು ಗಂಡಸರು ಜೊತೆಗೂಡಿದರು. ಕಷ್ಟಕ್ಕೆ ಕೂಡುವ ಜನ, ಪಾಪ, ಒಳ್ಳೆಯವರೇ. ಒಬ್ಬ ಕಂದೀಲು ತಂದ, ಇಬ್ಬರು ಬಡಿಗೆ ಹಿಡಿದರು. ಕಲ್ಲುಹಾಸಿನ ಮೇಲೆ ಕಾಲುಗಳು ದಡದಡನೆ ಓಡಿದವು. ಆ ಮೂಲೆಯಿಂದ ಸೋನೂ, ಈ ಮೂಲೆಯಿಂದ ಸೋನೂ.

ದ್ರೌಪತಿ ತೋಪಿನ ಕಟ್ಟೆ ಹಿಡಿದು ನಿಂತಿದ್ದಳು. ಈ ಸಪ್ಪಳ ಅವಳಿಗೆ ಗೊತ್ತು. ಓಡುವ ಕಾಲು, ಸೀಟಿ, ಬಡಿಗೆ, ಎರಡು ಭಾಷೆಯಲ್ಲಿ ಗಂಡಸರ ಕೂಗು, ನಡುನಡುವೆ ಒಂದು ಮಗುವಿನ ಹೆಸರು. ಇದು ನೆಲದ ಕೆಳಗೆ ಕೂತವರಿಗೆ ಹೇಗೆ ಕೇಳಿಸುತ್ತದೆ ಎಂಬುದೂ ಗೊತ್ತು. ಇಂಥ ಹೊತ್ತಿಗೆ ಏನು ಮಾಡಬೇಕೆಂದು ಮಗಳಿಗೆ ಕಲಿಸಿದವಳು ತಾನೇ. ಜೋರಾದರೆ ಇನ್ನೂ ಒಳಗೆ ಸರಿ.

ಅವಳು ಮಹಲಿನ ಹಿಂದಕ್ಕೆ ಓಡಿದಳು. ಬಾರೂದಖಾನೆಯ ಬಾಗಿಲಿನ ಮುಳ್ಳಿನ ಟೊಂಗೆ ಒಂದು ಕಡೆ ತುಸು ಸರಿದಿತ್ತು. ಸಣ್ಣ ಮೈ ತೂರುವಷ್ಟು. ಮುಳ್ಳಿಗೆ ಸೋನುವಿನ ಫ್ರಾಕಿನ ಹಸಿರು ದಾರ ಸಿಕ್ಕಿಕೊಂಡಿತ್ತು.

"ಕರೀಬ್ಯಾಡ್ರಿ!" ಎಂದು ಅವಳು ಚೀರಿದಳು. "ಯಾರೂ ಕರೀಬ್ಯಾಡ್ರಿ! ನೀವು ಕರದಂಗೆಲ್ಲ ಅಕೀ ಹಿಂದ ಸರೀತಾಳ!"

ಮಗು ಕಳೆದಿರುವಾಗ ಕರೆಯಬೇಡಿ ಎನ್ನುವ ತಾಯಿಯನ್ನು ಯಾರು ನಂಬುತ್ತಾರೆ? "ಅಮಾಸಿ. ಇಕೀಗ ಏನೋ ಮೆಟ್ಟಿಕೊಂಡೈತಿ," ಎಂದು ಜಿಜಾಬಾಯಿ ಎದೆ ಬಡಿದುಕೊಂಡಳು. ಗಂಡಸರು ಬಾಗಿಲಿಗೆ ಮುತ್ತಿ, ಒಳಗೆ ಬಗ್ಗಿ, ಇನ್ನೂ ಜೋರಾಗಿ ಕೂಗಿದರು. ಕೂಗು ನಿಂತಾಗ ಒಳಗಿನಿಂದ ಜಲ್ಲಿ ಜಾರಿದ ಸಪ್ಪಳ ಬಂತು. ಆಮೇಲೆ, ತುಸು ತಡೆದು, ಆಳದಲ್ಲಿ ಕಲ್ಲೊಂದು ನೀರಿಗೆ ಬಿದ್ದ ಸದ್ದು.

ಮೊಹಿನುದ್ದೀನ್‌ನ ಮುಖ ಬಿಳಿಚಿತು. "ಯಾ ಅಲ್ಲಾ," ಎಂದ. "ಈ ತಾಯಿ ಹೇಳೂದು ಖರೆ ಐತಿ. ಹುಡುಗಿ ಬಾವಿ ಕಡೀಗೇ ಸರ್ಯಾಕತ್ತಾಳ. ಚುಪ್! ಸಬ್ ಚುಪ್!"

ದೇವಿಂದ್ರಪ್ಪ ಒಳಗೆ ನುಗ್ಗಲು ಹೋದ. ದ್ರೌಪತಿ ಅವನ ಎದೆಗೆ ಎರಡೂ ಕೈ ಕೊಟ್ಟು ತಡೆದಳು. "ನಿಮ್ಮ ಹೆಜ್ಜಿ ಸಪ್ಪಳಾ ಕೇಳಿದ್ರ ಬೀಳ್ತಾಳ." ಬಾಗಿಲಲ್ಲಿ ಮೊಳಕಾಲೂರಿ, ದನಿಯನ್ನು ಆದಷ್ಟು ಮೆತ್ತಗೆ ಮಾಡಿ, "ಜ್ವಾಳಕ್ಕ ಗುಬ್ಬಿ ಬಿದ್ದಾವ" ಎಂದಳು. ಒಳಗೆ ಏನೂ ಅಲುಗಲಿಲ್ಲ. ಇನ್ನೊಮ್ಮೆ ಹೇಳಿದಳು. ಮತ್ತೆ ಜಲ್ಲಿ ಜಾರಿತು. ಮಧ್ಯಾಹ್ನ ತಾನು ನಕ್ಕದ್ದು ನೆನಪಾಗಿ ದ್ರೌಪತಿಗೆ ತನ್ನ ಬಾಯಿಯನ್ನೇ ಹರಿದುಕೊಳ್ಳಬೇಕೆನಿಸಿತು. ಆ ಮಾತಿಗೆ ಇನ್ನು ಬೆಲೆ ಇಲ್ಲ. ಅವ್ವನ ದನಿಗೂ ಇಲ್ಲ.

"ನಾ ಹೋಗ್ತೀನಿ," ಎಂದಳು. "ಕಂದೀಲ ಬ್ಯಾಡ. ಬೆಳಕ ಕಂಡ್ರ ಅಂಜ್ತಾಳ. ನಾ ಹೊರಗ ಬರೋತನಾ ಯಾರೂ ಪಿಟ್ಟ್ ಅನಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ."

ಹಜಿರಾ ಬೀಯ ಹಗೇವಿನಿಂದ ಮೇಲೆ ಬಂದ ಮೇಲೆ ಅವಳು ನೆಲದ ಕೆಳಗಿನ ಯಾವ ಜಾಗಕ್ಕೂ ಕಾಲಿಟ್ಟವಳಲ್ಲ. ಹಬ್ಬಕ್ಕೆ ಹಗೇವು ತೆಗೆದರೆ ಆ ಮನೆಯ ಕಡೆ ಸುಳಿಯುತ್ತಿರಲಿಲ್ಲ. ಈಗ ಬಳೆ ಸದ್ದಾಗದಂತೆ ಮೊಳಕೈಗೆ ಏರಿಸಿಕೊಂಡು, ಸೀರೆ ಕಚ್ಚೆ ಬಿಗಿದು, ಕೈಕಾಲು ಊರಿಕೊಂಡು ಒಳಗೆ ಹೋದಳು. ಕೆಲವು ಮೆಟ್ಟಿಲು ಕೆಳಗಿಳಿದವು. ಆಮೇಲೆ ಕತ್ತಲೆ ಎಂದರೆ ಕತ್ತಲೆ. ತೇವದ ಮಣ್ಣಿನ ವಾಸನೆ. ಮೇಲೆಲ್ಲೋ ಬಾವಲಿ ಪಟಪಟಿಸಿತು. ಅವಳು ಅಂಗೈಯಿಂದ ನೆಲ ಸವರಿ, ಗಟ್ಟಿ ಇದ್ದಲ್ಲಿ ಮಾತ್ರ ಭಾರ ಹಾಕಿ, ಒಂದೊಂದು ಗೇಣಾಗಿ ಮುಂದೆ ಸರಿದಳು. ಹೆದರಿಕೆಯಿಂದ ಹಲ್ಲು ಕಟಕಟ ಎನ್ನುತ್ತಿದ್ದವು. ಸದ್ದಾಗಬಾರದೆಂದು ನಾಲಗೆ ಕಚ್ಚಿ ಹಿಡಿದಳು. ತಾನು ಮೂವತ್ತರ ಹತ್ತಿರ ಬಂದ ಹೆಂಗಸು, ಎರಡು ಮಕ್ಕಳ ತಾಯಿ ಎಂಬುದು ಅಲ್ಲಿ ಸುಳ್ಳಾಗಿತ್ತು. ಪಕ್ಕದಲ್ಲೇ ಅಣ್ಣ ಕೂತಿದ್ದಾನೆ, ಇನ್ನೇನು ಯಾರೋ ಕರೆಯುತ್ತಾರೆ ಎಂದೇ ಅವಳ ಮೈಯೆಲ್ಲ ಕಾಯುತ್ತಿತ್ತು.

ಕೈಗೆ ಮೊದಲು ಸಿಕ್ಕಿದ್ದು ಒಂದು ಅಂಚು. ಅದರಾಚೆ ನೆಲವಿಲ್ಲ, ಬರೀ ತಣ್ಣನೆಯ ಗಾಳಿ. ಅಂಚಿನ ಗುಂಟವೇ ಬೆರಳು ಸರಿಸುತ್ತಾ ಹೋದಾಗ ಒಂದು ಪುಟ್ಟ ಹಿಮ್ಮಡಿ ತಗುಲಿತು. ಕೋಳಿಮರಿಯ ಹಾಗೆ ನಡುಗುತ್ತಿತ್ತು. ದ್ರೌಪತಿ ಮಾತಾಡಲಿಲ್ಲ. ಕಾಲು, ಮೊಳಕಾಲು, ಭುಜ ಎಂದು ಮೆಲ್ಲನೆ ಸವರುತ್ತಾ ಮೇಲೆ ಹೋಗಿ ಮಗಳ ಮುಖದ ಮೇಲೆ ಅಂಗೈ ಇಟ್ಟಳು. ಸೋನು ಆ ಅಂಗೈಯನ್ನು ಮೂಸಿದಳು. ಬದನೆಕಾಯಿ ಪಲ್ಯದ ವಾಸನೆ ಇನ್ನೂ ಇತ್ತೇನೋ, ಬೇರೇನು ಗುರುತು ಸಿಕ್ಕಿತೋ. ಸದ್ದಿಲ್ಲದೆ ಬಂದು ತಾಯಿಯ ತೊಡೆಯೇರಿ ಕೂತು, ಕೊರಳಿಗೆ ಜೋತುಬಿದ್ದಳು. ದ್ರೌಪತಿ ಎಡಗೈಯಿಂದ ಅವಳ ಫ್ರಾಕನ್ನು ಮುಷ್ಟಿ ಕಟ್ಟಿ ಹಿಡಿದುಕೊಂಡಳು. ಹಿಂದಕ್ಕೆ ಸರಿಯಬೇಕು, ಆದರೆ ಬಂದ ದಾರಿ ಯಾವುದು ಎಂಬುದೇ ತಿಳಿಯದೆ ಹೋಗಿತ್ತು. ಎತ್ತ ಕೈ ಚಾಚಿದರೂ ಜಲ್ಲಿ ಸಡಿಲ. ಕತ್ತಲು ಎಲ್ಲ ಕಡೆಯೂ ಒಂದೇ ಆಗಿತ್ತು. ತಾಯಿ ಮಗಳು ಇದ್ದಲ್ಲೇ ಉಸಿರು ಬಿಗಿಹಿಡಿದು ಕೂತರು.

ಮೇಲೆ ದೇವಿಂದ್ರಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಹೆಂಡತಿ ಹೋಗಿ ಎಷ್ಟೋ ಹೊತ್ತಾಗಿತ್ತು, ಒಂದು ಸದ್ದೂ ಇಲ್ಲ. ಮದುವೆಯಾದಾಗಿನಿಂದ ಅವನು ಅವಳ ಹೆಸರನ್ನು ಬಾಯಿಂದ ಆಡಿದವನಲ್ಲ. ಗಂಡಸರು ಆಡುವ ರೂಢಿ ಆ ಕಡೆ ಇಲ್ಲ. ಈಗ ಬಾಗಿಲಲ್ಲಿ ಬಗ್ಗಿ, ಅಳು ಬೆರೆತ ದನಿಯಲ್ಲಿ, "ದ್ರೌಪತೀ!" ಎಂದು ಕರೆದ. "ಏ ದ್ರೌಪತೀ, ಅದೀಯೇನ? ಓ ಅನ್ನ, ನಿನ್ನ ದನಿ ಕೇಳಿ ಬರ್ತೀವಿ!"

ಗಂಡನ ಬಾಯಲ್ಲಿ ಎಂದೂ ಕೇಳದ ಹೆಸರು. ಅವನ ದನಿಯ ಹಾಗೆಯೇ ಇತ್ತು, ಅವನದಲ್ಲದ ಹಾಗೂ ಇತ್ತು. ಅಷ್ಟರಲ್ಲಿ ಪುಟ್ಟದೊಂದು ಅಂಗೈ ಬಂದು ಅವಳ ಬಾಯಿಯನ್ನು ಬಲವಾಗಿ ಮುಚ್ಚಿತು.

"ಅವ್ವಾ," ಎಂದು ಸೋನು ಕಿವಿಯಲ್ಲಿ ಉಸುರಿದಳು, ಉಸಿರಿಗಿಂತ ಮೆಲ್ಲಗೆ. "ಅಪ್ಪ ಅಲ್ಲ. ಹೆಸರ ಹಿಡದು ಕರ್ಯಾಕತ್ತಾರ."

ಏಳು ವರ್ಷದ ಹುಡುಗಿ ತಾಯಿಯ ಜೀವ ಉಳಿಸಲು ನೋಡುತ್ತಿದ್ದಾಳೆ ಎಂಬುದು ದ್ರೌಪತಿಗೆ ಅರ್ಥವಾಯಿತು. ಹೀಗೇ ಕೂತರೆ ಬೆಳಗಾಗುವುದರೊಳಗೆ ಇಬ್ಬರಲ್ಲಿ ಒಬ್ಬರು ತೂಕಡಿಸಿ ಉರುಳುವುದು ಖಂಡಿತ ಎಂಬುದೂ ಅರ್ಥವಾಯಿತು. ಆದರೂ ಮೈ ಒಪ್ಪುತ್ತಿರಲಿಲ್ಲ. ಓ ಎಂದವನು ಮೇಲೆ ಹತ್ತಿ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅವಳು ಮಗಳ ಕೈಯನ್ನು ಬಾಯಿಂದ ಸರಿಸಿದಳು.

"ಓ," ಎಂದಳು.

ತುಕ್ಕು ಹಿಡಿದ ಬೀಗ ತೆಗೆದ ಹಾಗೆ ಕರಕರ ದನಿ. ಮೇಲೆ ಒಮ್ಮೆಲೇ ಗದ್ದಲವೆದ್ದಿತು. ಕಾಲುಗಳು ಮೆಟ್ಟಿಲಿಳಿದವು, ಕಂದೀಲಿನ ಬೆಳಕು ಗೋಡೆಯ ಮೇಲೆ ತೂರಾಡುತ್ತಾ ಹತ್ತಿರ ಬಂತು. ಸೋನು ತಾಯಿಯ ಕೊರಳು ಬಿಟ್ಟಳು. ಹಿಂದಕ್ಕೆ, ನೀರಿನ ಕಡೆಗೇ, ಮೈಯೆಲ್ಲ ಎಳೆದು ಜಗ್ಗಿದಳು. ಫ್ರಾಕಿನ ಹೊಲಿಗೆ ಪರ್ರನೆ ಹರಿಯಿತು. ದ್ರೌಪತಿ ಮುಷ್ಟಿ ಬಿಡಲಿಲ್ಲ. ಇನ್ನೊಂದು ಕೈಯಿಂದ ಮಗಳ ರಟ್ಟೆಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು. ಬೆಳಕು ಮುಖದ ಮೇಲೆ ಬಿದ್ದಾಗ ಹುಡುಗಿ ಬರುತ್ತಿದ್ದವರತ್ತ ತಿರುಗಲೇ ಇಲ್ಲ. ಅವಳು ನೋಡುತ್ತಿದ್ದದ್ದು ತಾಯಿಯನ್ನು.

"ನೀ ಯಾಕ ಓ ಅಂದಿ?" ಎಂದು ಕೇಳಿದಳು.